ಮೂಳೆಯಜ್ಜನ ನಡಿಗೆ

ಇಂದುಧರ ಆರಿಸಿಟ್ಟಿದ್ದ ಕಾಯಿಯನ್ನು ಹಳೆಯ ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ ಬ್ಯಾಗಿಗೆ ಹಾಕಿದ. ಸುತ್ತದಿದ್ದರೆ ಬಸ್ಸಿನ ಕುಲುಕಾಟಕ್ಕೆ ಅದು ಹಾದಿಯುದ್ದಕ್ಕೂ ಮಾತಾಡುತ್ತಿತ್ತು. ಗಂಡಸಿ ಕಡೆಯ ಒಂದು ಅಟ್ಟದಲ್ಲಿ ಹನ್ನೊಂದು ತಿಂಗಳು ಮಲಗಿದ್ದ ಕಾಯಿ ಅದು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಕ್ ಎನ್ನುತ್ತಿತ್ತು. ಇಂಥದ್ದಕ್ಕೆ ಅರಸೀಕೆರೆಯಲ್ಲಿ ಗಿಟುಕು ಎನ್ನುತ್ತಾರೆ. ನಾನೂರು ಕಾಯಿಗಳಲ್ಲಿ ಹುಡುಕಿ ಅವನು ಇದೊಂದನ್ನು ತೆಗೆದಿಟ್ಟಿದ್ದ.

ಬಸವಕುಮಾರ್ ಅವರ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ: ಕಾಯಿಯ ಸದ್ದು ಕೇಳುವುದು. ಬೆಳೆಗಾರರ ಮನೆಗೆ ಹೋಗಿ, ಅಟ್ಟ ಹತ್ತಿ, ರಾಶಿಯಿಂದ ಅಲ್ಲೊಂದು ಇಲ್ಲೊಂದು ಕಾಯಿ ಎತ್ತಿ ಕಿವಿಯ ಬಳಿ ಹಿಡಿದು ಎರಡು ಸಲ ಅಲ್ಲಾಡಿಸಬೇಕು. ಆಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗಲೇ ಕಾಯಿ ನಿಜ ಹೇಳುವುದು. ಕೊಬ್ಬರಿ ಸುಮ್ಮನಾದರೂ ಒಳಗೆ ಒಂದು ತೊಟ್ಟು ನೀರು ಉಳಿದಿದ್ದರೆ ಅದು ಇನ್ನೂ ತುಳುಕುತ್ತಿರುತ್ತದೆ. ಅದನ್ನು ಕೇಳಿಸಿಕೊಂಡು, ಖಾತ್ರಿಗೆ ಇನ್ನೊಂದು ಸಲ ಅಲ್ಲಾಡಿಸಬೇಕು. ಎರಡು, ನಿಲುಗಡೆ, ಒಂದು. ಸೋದರಮಾವ ಕಲಿಸಿದ್ದು ಹೀಗೆ. ಕೈ ಈಗ ತಾನಾಗಿಯೇ ಹಾಗೆ ಓಡುತ್ತಿತ್ತು.

ಅಟ್ಟದಿಂದ ಇಳಿದು ಬಂದರೆ ಕೆಳಗಿದ್ದವರು ಕೇಳುವುದು ಒಂದೇ ಮಾತು. "ಒಣಗೈತಾ?"

ಇಪ್ಪತ್ತೆರಡು ವರ್ಷಗಳಲ್ಲಿ ಜನ ಅವನನ್ನು ಕೇಳಿದ್ದು ಹೆಚ್ಚುಕಡಿಮೆ ಅಷ್ಟೇ. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನೋಡೋಣ ಎಂದವರು ನೋಡುತ್ತಲೇ ಇದ್ದರು, ಅಷ್ಟರಲ್ಲಿ ಅವನಿಗೆ ನಲವತ್ತನಾಲ್ಕಾಯಿತು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ರೂಮು, ಎರಡು ಹೊತ್ತು ಮೆಸ್ಸಿನ ಊಟ, ಸಂಜೆ ಹೊತ್ತು ಮೊಬೈಲು.

ಆ ಮೊಬೈಲಿನೊಳಗೆ ಮಾತ್ರ ಅವನಿಗೆ ಇನ್ನೂರ ಹನ್ನೊಂದು ಜನರಿದ್ದರು.

ಆರು ವರ್ಷದ ಹಿಂದೆ ಬೆಂಗಳೂರಿನಿಂದ ಸಿನಿಮಾ ಸೌಂಡಿನವನೊಬ್ಬ ಮಂಡಿಗೆ ಬಂದಿದ್ದ. ನರಿಬಾಲದಂಥ ತುಪ್ಪಳದ ಮೈಕು ಹಿಡಿದು, "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಸರ್" ಎಂದಿದ್ದ. ಇಂದುಧರ ಅರ್ಧ ಗಂಟೆ ಕಾಯಿ ಅಲ್ಲಾಡಿಸಿದ. ಟೈಟಲ್ಲಿನಲ್ಲಿ ಹೆಸರು ಹಾಕುತ್ತೇವೆಂದು ಬರೆದುಕೊಂಡು ಹೋದವನು ಮತ್ತೆ ಫೋನು ಎತ್ತಲಿಲ್ಲ. ಮರುವರ್ಷ ಅರಸೀಕೆರೆಯ ಟಾಕೀಸಿಗೆ 'ಕಾರ್ಗವಿ' ಬಂತು. ಗವಿಯ ಬಾಗಿಲು ಕಾಯುವ, ಮೂಳೆಯಿಂದಲೇ ಆದ, ತಾಳೆಮರದೆತ್ತರದ ಮುದುಕ. ಅವನು ಪರದೆಯ ಮೇಲೆ ಕಾಣುವ ಮೊದಲು ಕೇಳಿಸುತ್ತಿದ್ದ. ಗಡಕ್, ಗಡಕ್. ಇಡೀ ಟಾಕೀಸು ಉಸಿರು ಹಿಡಿದಿತ್ತು. ಗಡಕ್. ಕತ್ತಲಲ್ಲಿ ಇಂದುಧರನ ಬಲಗೈ ತಾನಾಗಿಯೇ ಕಿವಿಯ ಹತ್ತಿರಕ್ಕೆ ಎದ್ದಿತ್ತು. ಹಿಗ್ಗಿಸಿ, ತಗ್ಗಿಸಿ, ಗುಡುಗಿನಷ್ಟು ದೊಡ್ಡದು ಮಾಡಿದ್ದರು. ಆದರೂ ತನ್ನ ಕೈಯನ್ನು ತಾನು ಗುರುತು ಹಿಡಿಯದಿರುವುದುಂಟೇ?

ಕೊನೆಯ ಹೆಸರು ಓಡಿ ಮುಗಿಯುವವರೆಗೂ ಕುಳಿತಿದ್ದ. ಕಸ ಗುಡಿಸುವ ಲಕ್ಕಮ್ಮ ಬಂದು, "ಎದ್ದೇಳಪ್ಪ, ಇನ್ನೇನೂ ಬರಕಿಲ್ಲ" ಎಂದಳು. ಅವನ ಹೆಸರು ಬಂದಿರಲಿಲ್ಲ.

ಅದೇ ವಾರ 'ಕಾರ್ಗವಿ ಕುಲ' ಎಂಬ ವಾಟ್ಸಾಪ್ ಗುಂಪಿಗೆ ಸೇರಿದ. ಗಂಡಸಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹೇಮಂತ್ ಅದರ ಅಡ್ಮಿನ್. ಮೂಳೆಯಜ್ಜ ಎಂಬ ಹೆಸರಿಟ್ಟವನೂ ಅವನೇ. ಅಜ್ಜನ ನಡಿಗೆಯ ಅರ್ಥ ಹೇಳಿದ್ದು ಮಾತ್ರ ಸಿರಿ. ಅರೇಹಳ್ಳಿಯ ನರ್ಸರಿ ಶಾಲೆಯ ಟೀಚರು. ಒಂದು ಭಾನುವಾರ ಅವಳು ಉದ್ದಕ್ಕೆ ಬರೆದು ಹಾಕಿದ್ದಳು: ಅಜ್ಜ ಎರಡು ಹೆಜ್ಜೆಗೊಮ್ಮೆ ನಿಲ್ಲುವುದು ಅವನ ಒಂದು ಕಾಲು ಕುಂಟು ಅಂತ. ಹಿಂದೆ ಯುದ್ಧದಲ್ಲಿ ಎಲ್ಲರೂ ಗವಿಯೊಳಗೆ ಓಡಿದಾಗ, ಹೊರಗುಳಿದ ಒಂದು ಮಗುವಿಗಾಗಿ ಅವನೊಬ್ಬ ಹಿಂದಿರುಗಿದ್ದ, ಕಾಲಿಗೆ ಏಟು ಬಿದ್ದದ್ದು ಆಗಲೇ. ಸಿನಿಮಾದಲ್ಲಿ ಇದ್ಯಾವುದೂ ಇರಲಿಲ್ಲ. ಆದರೆ ಒಂದೇ ವಾರದಲ್ಲಿ ಇಡೀ ಕುಲ ಅದನ್ನು ನಂಬಿತು. ಎರಡನೆಯ ಭಾಗ ಬಂದಾಗ ಅಜ್ಜ ಎರಡು ಹೆಜ್ಜೆ ಇಟ್ಟು ನಿಂತೊಡನೆ ಹುಡುಗಿಯರು ಟಾಕೀಸಿನಲ್ಲಿ ಅತ್ತರಂತೆ.

ಇಂದುಧರ ಒಮ್ಮೆ, ಒಮ್ಮೆ ಮಾತ್ರ, ಗುಂಪಿನಲ್ಲಿ ಬರೆದಿದ್ದ: "ಆ ಸದ್ದು ನಂದು. ಕೊಬ್ಬರಿಕಾಯಿದು."

"ಹೂಂ ಕಣಣ್ಣೋ, ಡೈರೆಕ್ಷನ್ನು ನಂದೇಯ" ಎಂದು ಹೇಮಂತ್ ಉತ್ತರಿಸಿದ. ಅದರ ಕೆಳಗೆ ಮೂವತ್ತು ನಗುವ ಮುಖಗಳು ಬಂದವು. ಇಂದುಧರ ತಾನೂ ಒಂದು ನಗುವ ಮುಖ ಹಾಕಿ ಮೊಬೈಲು ಬೋರಲು ಇಟ್ಟ.

ಆದರೂ ಅಲ್ಲಿ ಅವನನ್ನು ಇಂದಣ್ಣ ಎನ್ನುತ್ತಿದ್ದರು. ಊಟ ಆಯ್ತಾ ಎಂದು ಕೇಳುತ್ತಿದ್ದರು. ಒಂದು ಸಲ ಮೂರು ದಿನ ಜ್ವರ ಬಂದು ಮಲಗಿದ್ದಾಗ, ಇಂದಣ್ಣ ಎಲ್ಲಿ ಎಂದು ವಿಚಾರಿಸಿದ್ದು ಸಿರಿಯೇ. ಮೂರು ದಿನದಿಂದ ಕಾಣದಿದ್ದದ್ದು ಮಂಡಿಯವರಿಗೆ ನಾಲ್ಕನೆಯ ದಿನ ಹೊಳೆಯಿತು.

ಈ ವರ್ಷ ಸುದ್ದಿ ಬಂತು. ಬೆಂಗಳೂರಿನ ಆಚೆ ಕಟ್ಟುತ್ತಿರುವ ಥೀಮ್ ಪಾರ್ಕಿನಲ್ಲಿ ಹದಿನೆಂಟು ಎಕರೆ 'ಕಾರ್ಗವಿ ಲೋಕ' ಮಾಡುತ್ತಾರಂತೆ. ಗವಿ, ಹೊಳೆ, ಸಂತೆಬೀದಿ, ಬಾಗಿಲಲ್ಲಿ ನಡೆದಾಡುವ ಮೂಳೆಯಜ್ಜ. ಗುಂಪಿನಲ್ಲಿ ಒಂದು ತಿಂಗಳು ಹಬ್ಬ. ಆಮೇಲೆ ಪಾರ್ಕು ಕಟ್ಟುವ ಕಂಪನಿಯವರು ಸಣ್ಣದೊಂದು ವಿಡಿಯೋ ಬಿಟ್ಟರು. ಅದರಲ್ಲಿ ಅಜ್ಜ ಸಿಪಾಯಿಯ ಹಾಗೆ ನೆಟ್ಟಗೆ ನಡೆಯುತ್ತಿದ್ದ. ಗಡ್, ಗಡ್, ಗಡ್, ಗಡ್. ಹೊಸ ಸದ್ದು, ಕಂಪ್ಯೂಟರಿನದು. ಕುಲಕ್ಕೆ ಬೆಂಕಿ ಬಿತ್ತು. ಸಿರಿ ಒಂದೇ ಸಾಲು ಬರೆದಳು: "ಅಜ್ಜನ ಕಾಲು ಸರಿ ಮಾಡಿಬಿಟ್ರಲ್ಲ." ಆಮೇಲೆ ವಾರವಿಡೀ ಅವಳ ಸದ್ದಿಲ್ಲ.

ಬೈಗುಳ ತಡೆಯಲಾರದೆ ಕಂಪನಿ ಊರೂರಿನಲ್ಲಿ ಅಭಿಮಾನಿಗಳ ಸಭೆ ಕರೆಯಿತು. ಈ ಜಿಲ್ಲೆಯ ಸಭೆ ಹಳೇಬೀಡಿನಲ್ಲಿ, ಭಾನುವಾರ. ಇಂದುಧರ ಬ್ಯಾಗಿಗೆ ಕಾಯಿ ಹಾಕಿಕೊಂಡದ್ದು ಅದಕ್ಕೇ. ಎಲ್ಲರೆದುರು ತೆಗೆದು, ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ. ಅಷ್ಟೇ. ಬೇರೇನೂ ಹೇಳಬೇಕಾಗಿಲ್ಲ. ಹಳೆಯ ಸದ್ದು ಸಿಕ್ಕಿತೆಂದು ಕುಲ ಕುಣಿಯುತ್ತದೆ. ಇಷ್ಟು ವರ್ಷ ತಮ್ಮ ನಡುವೆ ಕುಳಿತವನು ಯಾರೆಂದು ಗೊತ್ತಾಗುತ್ತದೆ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ಅದನ್ನು ಹತ್ತು ಸಲ ಮನಸ್ಸಿನಲ್ಲೇ ಆಡಿ ನೋಡಿದ.

ಸಭೆ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಬಾಳೆಕಂದು ಬಾಗಿಲಲ್ಲೇ ಬಾಡುತ್ತಿತ್ತು. ವೇದಿಕೆಯ ಮೇಲೆ ವಧೂವರರ ಕೆಂಪು ಸೋಫಾ, ಅದರ ಹಿಂದೆ 'ನಿಮ್ಮ ನಿರೀಕ್ಷೆ ಹೇಳಿ' ಎಂಬ ಬ್ಯಾನರು. ಒಳಗೆ ಮೂವತ್ತೈದು ಜನರಿದ್ದರು, ಎಲ್ಲರೂ ಅವನಿಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರು. ಬಾಗಿಲಲ್ಲಿ ಕಪ್ಪು ಟೀಶರ್ಟು ತೊಟ್ಟ ಒಬ್ಬ ಅವನ ಬಿಳಿ ಅಂಗಿಯನ್ನೂ ಎದೆಗವಚಿದ ಬ್ಯಾಗನ್ನೂ ನೋಡಿ, "ಮದ್ವೆ ನಿನ್ನೇನೆ ಮುಗೀತು ಯಜಮಾನ್ರೇ. ಯಾವ ಕಡೆಯೋರು, ಗಂಡೋ ಹೆಣ್ಣೋ?" ಎಂದ.

ಸುತ್ತ ಇದ್ದವರು ನಕ್ಕರು. ದನಿ ಇಂದುಧರನಿಗೆ ಗೊತ್ತಿತ್ತು. ವಾಯ್ಸ್ ಮೆಸೇಜುಗಳಲ್ಲಿ ದಿನಾ ಕೇಳುತ್ತಿದ್ದ ದನಿ.

"ಹೇಮಂತಾ, ನಾನು ಇಂದುಧರ."

ಹೇಮಂತ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ, ಇಂದಣ್ಣ! ನಾವು ನೀನು ನಮ್ ವಯಸ್ಸಿನೋನು ಅನ್ಕೊಂಡಿದ್ವಲ್ಲೋ... ಅಲ್ಲ, ಅಲ್ರೀ!" ಎಂದು ಕೈ ಕುಲುಕಿದ. ಕುಲುಕುವಾಗಲೇ ಏಕವಚನ ಬಹುವಚನಕ್ಕೆ ತಿರುಗಿತು. "ಬನ್ನಿ ಬನ್ನಿ, ಕೂತ್ಕಳಿ." ಒಂದು ಕುರ್ಚಿ ತಂದು ಕೊಟ್ಟು ಬೇರೆಯವರ ಕಡೆ ಹೋದ. ಇನ್ನಿಬ್ಬರು ಬಂದು ನಮಸ್ಕಾರ ಎಂದರು. ಗುಂಪಿನಲ್ಲಿ ಅವನ ಜೊತೆ ಅರ್ಧ ರಾತ್ರಿಯವರೆಗೆ ಜಗಳವಾಡಿದವರೇ. ಈಗ ನಮಸ್ಕಾರದ ಮುಂದೆ ಮಾತು ಹೊರಡಲಿಲ್ಲ. ಇಂದುಧರ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಕಾಯಿ ಟವೆಲ್ಲಿನೊಳಗೆ ಸುಮ್ಮನಿತ್ತು. ಇನ್ನೊಂದು ಗಂಟೆ, ಎಂದುಕೊಂಡ.

ಕಂಪನಿಯ ಕಡೆಯಿಂದ ಬಂದವಳ ಹೆಸರು ಲಾವಣ್ಯ. ಮೂವತ್ತರ ಆಸುಪಾಸಿನವಳು, ಕೈಯಲ್ಲಿ ಲ್ಯಾಪ್‌ಟಾಪು. "ಒಬ್ಬೊಬ್ಬರಾಗಿ ಹೇಳಿ, ಎಲ್ಲಾ ಬರ್ಕೋತೀನಿ" ಎಂದಳು.

ಹೇಳತೊಡಗಿದರು. ಗವಿಯೊಳಗೆ ನಿಜವಾದ ಬಾವಲಿ ಬಿಡಬೇಕು ಎಂದ ಒಬ್ಬ. "ಬಾವಲಿ ನಿನ್ನ ತಲೆ ಮೇಲೆ ಹೇತ್ರೆ?" ಎಂದು ಹಿಂದಿನಿಂದ ಕೂಗು. ಸಂತೆಬೀದಿಯಲ್ಲಿ ರಾಗಿಮುದ್ದೆ ಬಸ್ಸಾರು ಇರಲೇಬೇಕು, ಸಿನಿಮಾದಲ್ಲಿ ಸೈನಿಕರು ಉಣ್ಣುವುದು ಅದನ್ನೇ, ಪಿಜ್ಜಾ ಇಟ್ಟರೆ ಸುಮ್ಮನಿರುವುದಿಲ್ಲ ಎಂದಳು ಬಿಂದುಶ್ರೀ ಎಂಬವಳು. ಅರಸೀಕೆರೆಯಿಂದ ನೇರ ಬಸ್ಸು ಬಿಡಿ. ಹೊಳೆಗೆ ತೆಪ್ಪ ಬಿಡಿ, ಮೋಟಾರು ಬೇಡ. ಲಾವಣ್ಯ ಎಲ್ಲದಕ್ಕೂ ತಲೆಯಾಡಿಸುತ್ತ ಟೈಪು ಮಾಡಿದಳು.

"ಈಗ ಅಜ್ಜನ ವಿಷ್ಯ" ಎಂದಳು.

"ನಾನೂ ಮಾತಾಡ್ಬೇಕು" ಎಂದು ಮುಂದಿನ ಸಾಲಿನಿಂದ ಒಬ್ಬಳು ಎದ್ದಳು. ಸಪೂರ ಹುಡುಗಿ, ಹಸಿರು ಚೂಡಿದಾರ, ಕೈಯಲ್ಲೊಂದು ಊರುಗೋಲು. ವೇದಿಕೆಯ ಕಡೆ ನಡೆದಳು. ಎರಡು ಹೆಜ್ಜೆ. ಕೋಲೂರಿ ನಿಂತಳು. ಇನ್ನೊಂದು ಹೆಜ್ಜೆ.

ಇಂದುಧರ ನೋಡುತ್ತಲೇ ಉಳಿದ. ಮತ್ತೆ ಎರಡು, ನಿಲುಗಡೆ, ಒಂದು. ಅವಳು ಸಿರಿ ಎಂದು ಯಾರೂ ಹೇಳಬೇಕಾಗಲಿಲ್ಲ. ಐದು ವರ್ಷದ ಮಾತುಕತೆಯಲ್ಲಿ ಅವಳು ತನ್ನ ಕಾಲಿನ ಸುದ್ದಿ ಎತ್ತಿರಲಿಲ್ಲ. ಅಂದರೆ ಅವನು ಅರಸೀಕೆರೆಯ ಟಾಕೀಸಿನಲ್ಲಿ ಕಿವಿಗೆ ಕೈ ಎತ್ತಿ ಕುಳಿತಿದ್ದಾಗ, ಬೇಲೂರಿನ ಯಾವುದೋ ಟಾಕೀಸಿನ ಕತ್ತಲಲ್ಲಿ ಇವಳೂ ಅದೇ ಸದ್ದಿನಲ್ಲಿ ತನ್ನನ್ನು ಕೇಳಿಸಿಕೊಂಡಿದ್ದಳು.

ಸಿರಿ ಮೈಕು ಹಿಡಿದಳು. "ನಮ್ ಸ್ಕೂಲಲ್ಲಿ ಮಕ್ಕಳು ನನ್ನನ್ನ ಮೂಳೆಯಜ್ಜಿ ಅಂತಾರೆ" ಎಂದಳು. ಯಾರೂ ನಗಲಿಲ್ಲ. "ಮೊದ್ಲು ಕುಂಟಿ ಮಿಸ್ ಅಂತಿದ್ರು. ಸಿನಿಮಾ ಬಂದ್ಮೇಲೆ ಅಜ್ಜಿ ಅಂತಾರೆ, ನನ್ನ ಹಿಂದೆ ಸಾಲಾಗಿ ಹಾಗೇ ನಡೀತಾರೆ. ಅಣಕಿಸೋಕಲ್ಲ, ಆಟಕ್ಕೆ. ಅವರನ್ನ ನಿಮ್ಮ ಪಾರ್ಕಿಗೆ ಕರ್ಕೊಂಡು ಬರ್ತೀನಿ ಅಂದಿದ್ದೀನಿ. ಅಲ್ಲಿ ಅಜ್ಜ ನೆಟ್ಟಗೆ ನಡೀತಿದ್ರೆ ನಾನೇನು ಹೇಳ್ಲಿ ಮೇಡಂ?"

ಲಾವಣ್ಯ ಲ್ಯಾಪ್‌ಟಾಪು ಮುಚ್ಚಿದಳು. "ನೋಡಿ ಸಿರಿ, ನಿಜ ಹೇಳ್ಬಿಡ್ತೀನಿ. ಅದು ಕುಂಟು ಅಂತ ಕಥೆ ಬರೆದವರಿಗೇ ಗೊತ್ತಿಲ್ಲ. ಹಳೇ ಸೌಂಡಿನವರು ಏನನ್ನೋ ರೆಕಾರ್ಡ್ ಮಾಡ್ಕೊಂಡು ಬಂದ್ರು, ಅದು ಹಾಗಿತ್ತು, ಹಾಕಿದ್ರು. ಈಗ ಅವರು ದೇಶದಲ್ಲೇ ಇಲ್ಲ. ನಮ್ಮವರು ಅದೊಂದು ತಪ್ಪು, ಸರಿ ಮಾಡ್ತೀವಿ ಅಂತಾರೆ. ಅಜ್ಜ ಯಾಕೆ ನಿಲ್ತಾನೆ ಅನ್ನೋದಕ್ಕೆ ಒಂದು ಕಾರಣ ಇದ್ರೆ ನಾನು ವಾದ ಮಾಡಬಹುದು. ಆ ಸದ್ದು ಏನು, ಎಲ್ಲಿಂದು ಅಂತ ಯಾರಿಗಾದ್ರೂ ಗೊತ್ತಿದ್ಯಾ?"

ಇಂದುಧರನ ಕೈ ಬ್ಯಾಗಿನ ಜಿಪ್ಪಿನ ಮೇಲಿತ್ತು.

"ಗೊತ್ತು ಮೇಡಂ!" ಎಂದು ಹೇಮಂತ್ ಎದ್ದ, ನಗು ತಡೆಯಲಾರದೆ. "ನಮ್ ಇಂದಣ್ಣಂಗೆ ಗೊತ್ತು. ಒಂದ್ಸಲ ಗ್ರೂಪಲ್ಲಿ ಹಾಕಿದ್ರು, ಆ ಸದ್ದು ನಂದೇ, ಕೊಬ್ಬರಿಕಾಯಿದು ಅಂತ! ಏಳಣ್ಣ, ಮೇಡಂಗೆ ಹೇಳು!"

ಮಂಟಪವೆಲ್ಲ ಗೊಳ್ಳೆಂದಿತು. ಬೆನ್ನಿನ ಮೇಲೆ ಯಾರೋ ತಟ್ಟಿದರು. ಇಂದುಧರ ಎದ್ದು ನಿಂತ. ಲಾವಣ್ಯ ಮಾತ್ರ ನಗುತ್ತಿರಲಿಲ್ಲ. "ಕೊಬ್ಬರಿಕಾಯಾ? ನಿಜಾನಾ ಸರ್? ನಿಜವಾಗಿದ್ರೆ ಅದು ದೊಡ್ಡ ವಿಷ್ಯ. ನಿಮ್ಮ ಹೆಸರು ಎಲ್ಲಾ ಕಡೆ ಬರತ್ತೆ."

ಮೂವತ್ತೈದು ಮುಖಗಳು ಅವನ ಕಡೆ ತಿರುಗಿದ್ದವು. ಹತ್ತು ಸಲ ಆಡಿ ನೋಡಿದ್ದ ಗಳಿಗೆ ಇದೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಜಿಪ್ಪು ಎಳೆದರೆ ಸಾಕು. ವೇದಿಕೆಯ ಮೇಲೆ ಸಿರಿಯೂ ಅವನನ್ನೇ ನೋಡುತ್ತಿದ್ದಳು, ಕೋಲಿನ ಮೇಲೆ ಎರಡೂ ಕೈಯಿಟ್ಟು. ಅವಳ ಮುಖದಲ್ಲಿ ನಗುವಿರಲಿಲ್ಲ. ಹೆದರಿಕೆಯಿತ್ತು. ಕಾಯಿ ಅಲ್ಲಾಡಿಸಿ ತೋರಿಸಿದ ಮೇಲೆ ಅಜ್ಜನಿಗೆ ಕಾಲೆಲ್ಲಿ, ಯುದ್ಧವೆಲ್ಲಿ, ಮಗುವೆಲ್ಲಿ? ಉಳಿಯುವುದು ಅಟ್ಟ ಹತ್ತಿದ ಒಬ್ಬ ಮಂಡಿಯ ಆಳು. ನರ್ಸರಿ ಮಕ್ಕಳು ಅವನ ಹಿಂದೆ ಸಾಲಾಗಿ ನಡೆಯಲಾರರು.

"ಇಲ್ಲ ಮೇಡಂ" ಎಂದ ಇಂದುಧರ. "ತಮಾಷೆಗೆ ಹಾಕಿದ್ದೆ."

"ನೋಡಿದ್ರಾ!" ಎಂದು ಹೇಮಂತ್ ಚಪ್ಪಾಳೆ ತಟ್ಟಿದ.

ಕುಳಿತುಕೊಳ್ಳಬಹುದಾಗಿತ್ತು. ಕುಳಿತುಕೊಳ್ಳಲಿಲ್ಲ. "ಆದ್ರೆ ಅಜ್ಜ ಯಾಕೆ ನಿಲ್ತಾನೆ ಅಂತ ನಂಗೆ ಗೊತ್ತು" ಎಂದ. ದನಿ ತನ್ನದೇ ಅಲ್ಲವೆನಿಸಿತು. ಇಷ್ಟು ಜನರೆದುರು ಅವನು ಎಂದೂ ಮಾತಾಡಿದವನಲ್ಲ. "ಕಾಲು ಕುಂಟು, ಸರಿ. ಆದ್ರೆ ನಿಲ್ಲೋದು ನೋವಿಗಲ್ಲ. ಕೇಳಿಸ್ಕೊಳ್ಳಾಕೆ. ತಾನು ನಡೀತಿರೋವಾಗ ತನ್ನ ಮೂಳೆ ಸದ್ದೇ ಅವನ ಕಿವಿ ತುಂಬ್ಕೊಂಡಿರ್ತದೆ. ನಿಂತಾಗ್ಲೇ ಬೇರೇದು ಕೇಳೋದು. ಆ ಮಗು ಹಿಂದೆ ಬತ್ತಾ ಐತಾ ಇಲ್ವಾ ಅಂತ ನಿಂತು ಕೇಳ್ತಾನೆ. ಕೇಳಿಸ್ದ ಮೇಲೆ ಇನ್ನೊಂದು ಹೆಜ್ಜೆ ಇಡ್ತಾನೆ."

ಮೇಲೆ ಫ್ಯಾನು ಕಿರ್ ಎನ್ನುತ್ತಿತ್ತು. ಲಾವಣ್ಯ ಲ್ಯಾಪ್‌ಟಾಪು ತೆರೆದು ಬರೆದುಕೊಂಡಳು, ನಿಧಾನವಾಗಿ. "ಇದು ನಡೆಯತ್ತೆ ಅನ್ಸತ್ತೆ" ಎಂದಳು, ಅರ್ಧ ತನಗೇ. "ಯಾರ ಹೆಸರು ಹಾಕ್ಲಿ?"

"ಸಿರಿದು. ಕಥೆ ಅವಳದು."

ಆಮೇಲೆ ಗದ್ದಲವೋ ಗದ್ದಲ. ಎಲ್ಲರೂ ವೇದಿಕೆ ಹತ್ತಿದರು. ಮದುವೆಯ ಕೆಂಪು ಸೋಫಾದ ಮೇಲೆ ಸಿರಿಯನ್ನು ಕೂರಿಸಿ ಫೋಟೋ ತೆಗೆದುಕೊಂಡರು. "ಇಂದಣ್ಣ, ಸ್ವಲ್ಪ ಫೋನ್ ಹಿಡ್ಕಳಿ" ಎಂದು ಹೇಮಂತ್ ತನ್ನ ಮೊಬೈಲು ಕೊಟ್ಟ. ಇಂದುಧರ ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರೂ ಬರುವಂತೆ ಹಿಡಿದು, ನಾಲ್ಕು ಸಲ ಒತ್ತಿದ. ನಾಲ್ಕೂ ಚೆನ್ನಾಗಿ ಬಂದಿದ್ದವು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಇಂದುಧರ, ಸಿರಿ ಇಬ್ಬರೇ ಉಳಿದಿದ್ದರು. ಉಳಿದವರೆಲ್ಲ ಬೈಕುಗಳಲ್ಲಿ ಹುಲಿಕೆರೆಯ ಕೊಳದ ಕಡೆ ಹೋಗಿದ್ದರು. ಇಂದಣ್ಣನನ್ನು ಕರೆಯುವುದು ಯಾರಿಗೂ ಹೊಳೆದಿರಲಿಲ್ಲ, ಸಿರಿಗೆ ಸಂಜೆಯೊಳಗೆ ಅರೇಹಳ್ಳಿ ಮುಟ್ಟಬೇಕಿತ್ತು. ದೇವಸ್ಥಾನ ನೋಡಿ ಬಂದ ಶಾಲಾಮಕ್ಕಳ ಒಂದು ದಂಡು ಸೌತೆಕಾಯಿ ತಿನ್ನುತ್ತ ನೆರಳಿಗೆ ನಿಂತಿತ್ತು.

"ನಂಗೆ ಹೆದ್ರಿಕೆ ಆಗಿತ್ತಣ್ಣ" ಎಂದಳು ಸಿರಿ. "ನೀವು ನಿಜವಾಗ್ಲೂ ಕೊಬ್ಬರಿಕಾಯಿ ಅಂದ್ಬಿಡ್ತೀರೇನೋ ಅಂತ."

"ಛೆ, ಎಲ್ಲಾದ್ರೂ ಉಂಟಾ."

"ಕೇಳಿಸ್ಕೊಳ್ಳೋಕೆ ನಿಲ್ತಾನೆ ಅಂತ ಹೇಗೆ ಹೊಳೀತು ನಿಮಗೆ?"

"ಸುಮ್ನೆ ಹೊಳೀತು ಕಣಮ್ಮ."

ಅವಳು ಅವನ ಬ್ಯಾಗಿನ ಕಡೆ ಕೋಲಿನಿಂದ ತೋರಿಸಿದಳು. "ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಮಗು ಥರ ತೊಡೆ ಮೇಲೆ ಇಟ್ಕೊಂಡಿದ್ದೀರಿ. ಏನದು?"

"ಕಾಯಿ" ಎಂದ.

"ಯಾರಿಗೆ?"

ಇಂದುಧರ ಜಿಪ್ಪು ಎಳೆದು, ಟವೆಲ್ಲು ಬಿಚ್ಚಿ, ಕಾಯಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಚಾಚಿದ. "ನಿಂಗೇ ತಂದಿದ್ದೆ. ನಮ್ ಮಂಡಿದು."

"ಅಯ್ಯೋ, ಥ್ಯಾಂಕ್ಸ್ ಅಣ್ಣ! ಅಮ್ಮ ಕೊಬ್ಬರಿ ಮಿಠಾಯಿ ಮಾಡ್ತಾರೆ." ತನ್ನ ಹೆಗಲ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತ ಕೇಳಿದಳು, "ಚೆನ್ನಾಗಿ ಒಣಗಿದ್ಯಾ?"

"ಒಣಗೈತೆ" ಎಂದ ಇಂದುಧರ.

ಬೇಲೂರಿನ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತು ಬಿದ್ದು ಬೇಲೂರ್ ಬೇಲೂರ್ ಬೇಲೂರ್ ಎಂದು ಕೂಗುತ್ತಿದ್ದ. ಮಕ್ಕಳ ದಂಡು ಕಿರುಚುತ್ತ ಓಡಿತು. ಸಿರಿ "ಬರ್ತೀನಣ್ಣ, ಗ್ರೂಪಲ್ಲಿ ಸಿಗೋಣ" ಎಂದು ಹೊರಟಳು. ನೆಲ ಎಗುಡುದಿಗುಡಾಗಿತ್ತು. ಎರಡು ಹೆಜ್ಜೆ. ಕೋಲೂರಿ ನಿಂತಳು. ಇನ್ನೊಂದು.

ಅವಳ ಹೆಗಲ ಬ್ಯಾಗಿನಿಂದ ಅದು ಬಂತು. ಗಡಕ್, ಗಡಕ್. ಗಡಕ್.

ಅಷ್ಟು ಗದ್ದಲದಲ್ಲೂ ಇಂದುಧರನಿಗೆ ಪ್ರತಿಯೊಂದೂ ಬೇರೆಬೇರೆಯಾಗಿ ಕೇಳಿಸಿತು. ಅವನ ಬಲಗೈ ಮೇಲೆದ್ದು ಕಿವಿಯ ಹತ್ತಿರ ನಿಂತಿತು. ಬಸ್ಸಿನ ಬಾಗಿಲ ಬಳಿ ಸಿರಿ ತಟಕ್ಕನೆ ನಿಂತಳು, ಕತ್ತು ಕೊಂಚ ವಾರೆ ಮಾಡಿದಳು. ಅವನು ಒಂದು ಹೆಜ್ಜೆ ಮುಂದೆ ಬಂದ. ಈಗ ತಿರುಗುತ್ತಾಳೆ.

ಸಿರಿ ಕೋಲನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಸರಳು ಹಿಡಿದು, ಮಕ್ಕಳ ಹಿಂದೆ ಬಸ್ಸು ಹತ್ತಿದಳು. ಕಂಡಕ್ಟರು ಸೀಟಿ ಊದಿದ.

ಅರಸೀಕೆರೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಬೇಲೂರಿನ ಬಸ್ಸು ಕೆರೆಯ ಕಡೆ ತಿರುಗಿ ಅದರ ಸದ್ದು ಪೂರಾ ಅಡಗಿತು. ಅಡಗಿದ ಮೇಲೂ ಇಂದುಧರ ಖಾಲಿ ಬ್ಯಾಗು ಹಿಡಿದು ಅಲ್ಲೇ ನಿಂತಿದ್ದ, ಅಟ್ಟದ ಮೇಲೆ ನಿಲ್ಲುವ ಹಾಗೆ ತಲೆ ಬಗ್ಗಿಸಿ, ಒಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿಸಿಕೊಳ್ಳುತ್ತ.